ಫಕ್ಕೀರವ್ವನ ‘ನೀ’

ಬ್ಯಾಡಗಿಗೆ ಬಂದ ಮೊದಲ ದಿನ ನನಗೆ ಅರ್ಥವಾಗದೆ ಹೋದ ಭಾಷೆ ಕನ್ನಡ. ಕೊಯಮತ್ತೂರು ಕಡೆಯ ಮ್ಯಾನೇಜರರ ಇಂಗ್ಲಿಷ್ ತಿಳಿಯಿತು, ಒರಿಸ್ಸಾದಿಂದ ಬಂದ ಬಾಯ್ಲರ್ ಕೆಲಸಗಾರರ ಹಿಂದಿಯೂ ತಿಳಿಯಿತು. ಗೇಟಿನ ವಾಚ್‌ಮನ್ ‘ಕುಂದರ್ರಿ, ಸಾಹೇಬ್ರಿಗೆ ಫೋನ್ ಹಚ್ಚತೇನಿ’ ಎಂದಾಗ ಮಾತ್ರ ಕಂಬದ ಹಾಗೆ ನಿಂತೇ ಇದ್ದೆ. ನಮ್ಮ ಮೈಸೂರಿನಲ್ಲಿ ಹಚ್ಚುವುದು ದೀಪವನ್ನು. ಫೋನನ್ನು ಯಾಕೆ ಹಚ್ಚುತ್ತಾರೆ? ಆತ ಕುರ್ಚಿಯನ್ನು ಕೈಯಿಂದ ತಟ್ಟಿ ತೋರಿಸಿದ ಮೇಲೆ, ಕುಂದರ್ರಿ ಎಂದರೆ ಕೂತ್ಕೊಳ್ಳಿ ಎಂದು ಹೊಳೆಯಿತು. ನಾಚಿಕೆಯಾಯಿತು. ಎಂ.ಎ. ಓದಿದ್ದೆ, ಕನ್ನಡ ನಮ್ಮ ಮನೆಯ ಸ್ವತ್ತು ಎಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಅಲ್ಲಿಗೆ ಕರೆಸಿಕೊಂಡಿದ್ದೇ ಎಲ್ಲರ ಮಾತನ್ನು ಎಲ್ಲರಿಗೂ ತಿಳಿಸಲು.

ಅದು ಒಣಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆ. ಒಂದು ದೊಡ್ಡ ಹಾಲ್‌ನಲ್ಲಿ ನಲವತ್ತು ಹೆಂಗಸರು ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು, ಬಿಳಿಚಿಕೊಂಡದ್ದನ್ನು ಬೇರೆ ಮಾಡುತ್ತಿದ್ದರು. ಅವರ ರಜೆ, ದೂರು, ಬೇಡಿಕೆಗಳನ್ನು ಇಂಗ್ಲಿಷಿಗೆ ತಿರುಗಿಸಿ ಮ್ಯಾನೇಜರರಿಗೆ ಮುಟ್ಟಿಸುವುದು, ಮ್ಯಾನೇಜರರ ಸಿಡುಕನ್ನು ಸಜ್ಜನ ಕನ್ನಡಕ್ಕೆ ತಿರುಗಿಸಿ ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ಶನಿವಾರ ಮಧ್ಯಾಹ್ನ ಅರ್ಧ ಗಂಟೆ, ಕೆಲಸದ ಜಾಗದಲ್ಲಿ ಹೇಗೆ ಮಾತಾಡಬೇಕು ಎಂದು ಎಲ್ಲರಿಗೂ ಪಾಠವನ್ನೂ ಮಾಡಬೇಕಿತ್ತು.

ಮಾರ್ಕೆಟ್ ಯಾರ್ಡಿನ ಹತ್ತಿರ ಒಂದು ಕೋಣೆ ಸಿಕ್ಕಿತು. ಹಾಸಿಗೆ, ಬಟ್ಟೆ, ಕೊನೆಗೆ ಬಾಚಣಿಗೆಗೂ ಮೆಣಸಿನಕಾಯಿಯ ಘಾಟು. ಮೊದಲ ವಾರ ಸೀನಿ ಸೀನಿ ಮೂಗು ಅಲ್ಲಿನ ಕಾಯಿಯ ಬಣ್ಣಕ್ಕೇ ತಿರುಗಿತು. ಅಷ್ಟು ಕೆಂಪಗಿದ್ದರೂ ಆ ಕಾಯಿ ಖಾರ ಕಡಿಮೆ ಎಂದು ಗೊತ್ತಾದದ್ದು ಆಮೇಲೆ. ಅನ್ನ ಸಾರಿನ ನಾಲಗೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಒಗ್ಗಲು ತಿಂಗಳು ಹಿಡಿಯಿತು. ಕಾಫಿ ಪುಡಿಗೆ ಮಾತ್ರ ರಾಣೆಬೆನ್ನೂರಿಗೇ ಹೋಗುತ್ತಿದ್ದೆ. ಕಂಡಕ್ಟರ್ ಕೇಳಿದ್ದಕ್ಕೆ ಅವನದೇ ಧಾಟಿಯಲ್ಲಿ ‘ರಾಣೇಬೆನ್ನೂರ ಒಂದು ಕೊಡ್ರಿ’ ಎಂದು, ಅವನು ಎರಡನೇ ಸಲ ನೋಡದೆ ಟಿಕೆಟ್ ಹರಿದು ಕೊಟ್ಟ ದಿನ, ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿ ಅದನ್ನೇ ದೊಡ್ಡ ಸುದ್ದಿಯಂತೆ ಹೇಳಿದೆ.

ಎರಡನೇ ತಿಂಗಳು ಜ್ವರ ಬಂದು ಮಲಗಿದೆ. ಮೂರನೇ ದಿನ ಬಾಗಿಲು ತಳ್ಳಿಕೊಂಡು ಬಂದವಳು ಫಕ್ಕೀರವ್ವ. ಗುತ್ತಲದ ಕಡೆಯವಳು, ಐವತ್ತರ ಹತ್ತಿರದ ವಯಸ್ಸು, ಹಾಲ್‌ನಲ್ಲಿ ಎಲ್ಲರಿಗಿಂತ ಹಳಬಳು. ಅಲ್ಲಿಯವರೆಗೆ ನನಗೆ ‘ಮೇಡಂ, ಬರ್ರಿ, ಹೇಳ್ರಿ’ ಎನ್ನುತ್ತಿದ್ದವಳು ಅವತ್ತು ನನ್ನ ಹಣೆ ಮುಟ್ಟಿ ನೋಡಿ, ‘ಏಳ ತಂಗಿ, ಒಂದೀಟು ಗಂಜಿ ಕುಡಿ. ನೀ ಹಿಂಗ ಉಪವಾಸ ಬಿದ್ರ ನಿಮ್ಮವ್ವಗ ನಾ ಏನ ಹೇಳ್ಲಿ?’ ಎಂದಳು. ನಮ್ಮಮ್ಮನನ್ನು ಅವಳು ಕಂಡೇ ಇರಲಿಲ್ಲ. ಅಂದಿನಿಂದ ನಾನು ಅವಳಿಗೆ ‘ನೀ’ ಆದೆ.

ನಿಜ ಹೇಳುತ್ತೇನೆ, ಜ್ವರದಲ್ಲಿ ಹಿತವಾಗಿದ್ದ ಆ ‘ನೀ’ ಕಾರ್ಖಾನೆಯಲ್ಲಿ ಹಿತವಾಗಲಿಲ್ಲ. ನಮ್ಮ ಕಡೆ ಕಚೇರಿಯಲ್ಲಿ ಜವಾನನಿಗೂ ‘ಬನ್ನಿ, ಹೋಗಿ’ ಎನ್ನುವ ರೂಢಿ. ಹಾಗಾಗಿ ಒಂದು ಶನಿವಾರ, ಯಾರ ಹೆಸರೂ ಎತ್ತದೆ, ಕೆಲಸದ ಜಾಗದಲ್ಲಿ ಎಲ್ಲರನ್ನೂ ನೀವು ಎನ್ನಬೇಕು ಎಂದು ಪಾಠ ಮಾಡಿದೆ. ಫಕ್ಕೀರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

‘ಹೊರಗಿನವ್ರಿಗೆ ಅನಬೇಕು, ಖರೇ. ನಮ್ಮವ್ವಗ ನಾ ನೀವು ಅಂದ್ರ, ನನ್ನಿಂದ ಏನ್ ತಪ್ಪಾತು ಅಂತ ಅಳಾಕ ಹತ್ತತಾಳ ಅಕಿ. ದೇವ್ರಿಗೂ ನೀ ಅಂತೇವಿ, ತಂಗಿ.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಊರಿನಲ್ಲಿ ‘ನೀ’ ಎಂದರೆ ಏನು ಎಂಬುದು ಅವತ್ತು ನನಗೆ ಪೂರ್ತಿ ತಿಳಿಯಿತು. ಇದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು. ಗೊತ್ತಿರಲಿಲ್ಲ ಎನ್ನುವ ನೆಪ ನನಗಿಲ್ಲ.

ಆ ಚಳಿಗಾಲದಲ್ಲಿ ಮುಂಬೈನಿಂದ ಖರೀದಿದಾರರು ಬಂದರು. ಹೊಸ ಸೀರೆ ಉಟ್ಟು, ಮ್ಯಾನೇಜರರ ಪಕ್ಕ ನಿಂತು, ಒಂದು ರಾಶಿಯನ್ನು ತೋರಿಸುತ್ತ ಇದು ಚೆನ್ನಾಗಿ ಒಣಗಿದೆ, ನಾಳೆಯೇ ಪುಡಿಗೆ ಹಾಕುತ್ತೇವೆ ಎಂದು ಹಿಂದಿಯಲ್ಲಿ ವಿವರಿಸುತ್ತಿದ್ದೆ. ರಾಶಿಯ ಬದಿಯಲ್ಲಿ ಕೂತಿದ್ದ ಫಕ್ಕೀರವ್ವ ಒಂದು ಕಾಯಿ ಮುರಿದು ನೋಡಿದಳು.

‘ಏ ತಂಗಿ, ನೀ ಸುಮ್ಕಿರು. ಎಲ್ಲಿ ಒಣಗೈತಿ ಇದು? ಇನ್ನೂ ಎರಡ ದಿನ ಬಿಸಲ ಬೇಕು. ನಿನಗ ತಿಳಿಯಂಗಿಲ್ಲ.’

ಹಾಲ್‌ಗೆ ಹಾಲೇ ನಕ್ಕಿತು. ಬಾಯ್ಲರಿನವರು ಅರ್ಥವಾಗದಿದ್ದರೂ ನಕ್ಕರು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಬಂದವರ ಮುಂದೆ ನನ್ನ ಮಾನ ಹೋಗಬಾರದೆಂದೇ ಅವಳು ತಡೆದದ್ದು. ಆದರೆ ನನಗೆ ಆಗ ಕೇಳಿಸಿದ್ದು ‘ನೀ ಸುಮ್ಕಿರು’ ಒಂದೇ. ಮೈಯೆಲ್ಲ ಉರಿದುಹೋಯಿತು.

ಮುಂದಿನ ವಾರ ಹಾಲ್‌ಗೆ ಒಬ್ಬ ಮೇಲ್ವಿಚಾರಕಿಯನ್ನು ಆರಿಸುವುದಿತ್ತು. ದಿನಗೂಲಿಯಿಂದ ಕಾಯಂ ಕೆಲಸಕ್ಕೆ ಏರುವ ಒಂದೇ ಮೆಟ್ಟಿಲು ಅದು, ಫಕ್ಕೀರವ್ವನ ವಯಸ್ಸಿಗೆ ಕೊನೆಯ ಅವಕಾಶ. ಆಗುವವಳು ಅವಳೇ ಎಂದು ಎಲ್ಲರೂ ನಂಬಿದ್ದರು. ಫಾರಂ ತುಂಬುವವಳು ನಾನು. ಕೆಲಸದ ತಿಳಿವಳಿಕೆ, ಹಾಜರಿ, ಪ್ರಾಮಾಣಿಕತೆ ಎಲ್ಲದಕ್ಕೂ ಉತ್ತಮ ಎಂದೇ ಬರೆದೆ. ಮಾತುಕತೆಯ ಕಾಲಂಗೆ ಬಂದಾಗ ಪೆನ್ನು ನಿಂತಿತು. ಇಂಗ್ಲಿಷಿನಲ್ಲಿ ನೀನೂ ನೀವೂ ಒಂದೇ. ನನ್ನ ಸಿಟ್ಟಿಗೆ ಆ ಭಾಷೆಯಲ್ಲಿ ಜಾಗವೇ ಇರಲಿಲ್ಲ. ಹುಡುಕಿ ಹುಡುಕಿ, ಮೇಲಿನವರೊಂದಿಗೆ ಗೌರವದಿಂದ ಮಾತಾಡಲು ಬರುವುದಿಲ್ಲ ಎಂಬ ಅರ್ಥದ ಒಂದು ಸಾಲು ಬರೆದೆ.

ಮ್ಯಾನೇಜರ್ ಅದನ್ನು ಓದಿ, ಅಂಥದ್ದು ಏನು ಅಂದಳು ಎಂದು ಕೇಳಿದರು. ನನಗೆ ನೀ ಅಂತಾಳೆ ಸಾರ್ ಎಂದೆ. ಅವರು ತಮಿಳರು. ಅವರ ಭಾಷೆಯಲ್ಲೂ ಅದು ‘ನೀ’ಯೇ. ಬೇರೆ ಯಾವ ಮಾತಿಗೂ ನನ್ನ ಅನುವಾದ ಬೇಡುತ್ತಿದ್ದವರಿಗೆ ಆ ಒಂದು ಅಕ್ಷರಕ್ಕೆ ಅನುವಾದ ಬೇಕಾಗಲಿಲ್ಲ. ಹುಬ್ಬು ಮೇಲೇರಿಸಿ ಫಾರಂ ಪಕ್ಕಕ್ಕಿಟ್ಟರು. ‘ನನ್ನ ಜ್ವರದಲ್ಲಿ ಅವಳು ಗಂಜಿ ಕುಡಿಸಿದ ಮೇಲೆ ಬಂದ ನೀ ಅದು’ ಎಂದು ಹೇಳುವುದಕ್ಕೆ ನನಗೆ ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ.

ಕೆಲಸ ಹಾವೇರಿಯ ಬಿ.ಎ. ಓದಿದ ಒಬ್ಬಳಿಗೆ ಆಯಿತು. ಸಂಜೆ ಫಕ್ಕೀರವ್ವ ನನ್ನ ಮೇಜಿನ ಹತ್ತಿರ ಬಂದಳು.

‘ನಂದೇನ ತಪ್ಪಾತ ತಂಗಿ? ನೀನರ ಹೇಳು.’

‘ಮೇಲಿನವರ ತೀರ್ಮಾನ’ ಎಂದೆ, ಅವಳ ಮುಖ ನೋಡದೆ.

ಸತ್ಯ ಹೇಳಿದ್ದು ಮ್ಯಾನೇಜರ್. ಮರುದಿನ ಹಾಲ್‌ನಲ್ಲಿ ತಮ್ಮ ಮುರುಕು ಕನ್ನಡದಲ್ಲಿ ಅವಳಿಗೆ ಬುದ್ಧಿ ಹೇಳಿದರು: ‘ನೀ ಮೇಡಂಗೆ ನೀ ಹೇಳಬಾರದು. ನೀವು ಹೇಳಬೇಕು. ಮೇಡಂ ಬರೆದಿದ್ದಾರೆ.’ ತಾವೇ ಅವಳನ್ನು ನೀ ಎನ್ನುತ್ತಿದ್ದೇವೆಂಬುದು ಅವರಿಗೆ ಹೊಳೆಯಲಿಲ್ಲ. ಫಕ್ಕೀರವ್ವ ಒಮ್ಮೆ ನನ್ನ ಕಡೆ ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

‘ಆತ್ರಿ ಸಾಹೇಬ್ರ’ ಎಂದಳು.

ಅಲ್ಲಿಂದ ಮುಂದೆ ನಾನು ಅವಳಿಗೆ ‘ನೀವು’. ನಮಸ್ಕಾರ ರೀ ಮೇಡಂ, ಹೋಗಿ ಬರ್ತೇನ್ರಿ ಮೇಡಂ. ಮಾತಿನಲ್ಲಿ ಕೊಂಕಿಲ್ಲ, ಮುಖದಲ್ಲಿ ಸಿಟ್ಟಿಲ್ಲ. ನಾನು ಕಲಿಸಿದ ಪಾಠವನ್ನು ನಲವತ್ತು ಜನರಲ್ಲಿ ಅಚ್ಚುಕಟ್ಟಾಗಿ ಕಲಿತವಳು ಅವಳೊಬ್ಬಳೇ. ಮೂರು ವಾರ ತಡೆದು ಮ್ಯಾನೇಜರರ ಬಳಿ ಹೋಗಿ ನಾನು ಬರೆದದ್ದು ತಪ್ಪು ಎಂದೆ. ಆದೇಶ ಹೊರಟುಹೋಗಿತ್ತು. ಆಮೇಲೆ ಅವಳ ಮನೆಗೆ ಹೋದೆ. ಕುರ್ಚಿ ಒರೆಸಿ ಹಾಕಿದಳು, ಬಸಿಯ ಮೇಲೆ ಕಪ್ಪಿಟ್ಟು ಚಹಾ ಕೊಟ್ಟಳು. ಫಾರಂನಲ್ಲಿ ಏನು ಬರೆದೆ, ಯಾಕೆ ಬರೆದೆ ಎಂದು ಎಲ್ಲ ಹೇಳಿದೆ, ಅತ್ತೆ.

‘ಇರ್ಲಿ ಬಿಡ್ರಿ ಮೇಡಂ. ನೀವು ಕಲತವ್ರು. ನಾ ತಿಳಕೊಂಡದ್ದ ತಪ್ಪಾತು’ ಎಂದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಂದಿನ ದೀಪಾವಳಿಗೆ ಮೈಸೂರಿಗೆ ಹೋದೆ. ಅಣ್ಣನಿಗೆ ‘ಲಗೂ ಬಾ, ಉಣ್ಣೂಣು’ ಎಂದು ಬಾಯಿತಪ್ಪಿ ಬಂತು. ‘ಏನೇ ಇದು, ಯಾವ ಊರ ಮಾತೇ?’ ಎಂದು ಅಮ್ಮ ನಕ್ಕಳು. ಬೀದಿಯವರಿಗೆ ನಾನೀಗ ಆ ಕಡೆಯವಳು, ಬ್ಯಾಡಗಿಯಲ್ಲಿ ಇವತ್ತಿಗೂ ಮೈಸೂರ ಮೇಡಂ. ಬ್ಯಾಡಗಿಯವಳೂ ಆಗಿದ್ದೆ, ಕೆಲವು ತಿಂಗಳ ಮಟ್ಟಿಗೆ. ಅದನ್ನು ನನ್ನ ಕೈಯಾರೆ ಕಳೆದುಕೊಂಡೆ.

ಕಳೆದ ತಿಂಗಳು ನಮ್ಮ ಕಾರ್ಖಾನೆಯ ಪ್ರಯೋಗಾಲಯದ ಕೆಲಸಕ್ಕೆ ಮಂಡ್ಯದಿಂದ ಸುಮಾ ಎಂಬವಳು ಬಂದಿದ್ದಾಳೆ. ಮೊನ್ನೆ ಮಧ್ಯಾಹ್ನ ಅವಳು, ನಾನು, ಫಕ್ಕೀರವ್ವ ಮೂವರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಫಕ್ಕೀರವ್ವ ಬುತ್ತಿ ಬಿಚ್ಚಿ, ‘ಏ ಸುಮಾ, ನೀ ಏನ ಗುಬ್ಬಿ ಉಂಡಂಗ ಉಣ್ತಿ? ತಗೋ ಇನ್ನೊಂದು ರೊಟ್ಟಿ’ ಎಂದು ಅವಳ ತಟ್ಟೆಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, ‘ನೀವೂ ತಗೋರಿ ಮೇಡಂ’ ಎಂದಳು.

ಅವಳು ಕೈತೊಳೆಯಲು ಎದ್ದು ಹೋದಾಗ ಸುಮಾ ನನ್ನ ಹತ್ತಿರ ಸರಿದಳು. ‘ನಿಮಗೆ ಎಷ್ಟು ಮರ್ಯಾದೆ ಕೊಡ್ತಾರೆ! ನನಗೆ ಮಾತ್ರ ಎಲ್ಲರ ಮುಂದೆ ನೀನು ಅಂತಾರೆ. ನೀವಾದ್ರೂ ಅವರಿಗೆ ಒಂದು ಮಾತು ಹೇಳಬಾರದಾ ಮೇಡಂ?’

‘ನಾನು ಹೇಳಿದ್ದೆ ಸುಮಾ’ ಎಂದೆ. ‘ಅದಕ್ಕೇ ನನಗೆ ನೀವು ಅಂತಾರೆ.’