ಆಳಂದದ ಉರ್ದುವೂ ಗ್ರೀಕರ ಕೂಸೂ

ಬೆಳಿಗ್ಗೆಯಿಂದ ಬಡೇಸೋಪು ಹುರಿಯುತ್ತಿದ್ದೇನೆ. ನಾಳೆ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಉಂಡೆದ್ದ ಮಂದಿಗೆ ಎಲೆ ಅಡಿಕೆಯ ಜೊತೆ ಚಿಟಿಕೆ ಬಡೇಸೋಪು ಕೊಡದಿದ್ದರೆ ಆಳಂದದಲ್ಲಿ ಊಟ ಹಾಕಿದ ಪುಣ್ಯ ಲೆಕ್ಕಕ್ಕೆ ಬರುವುದಿಲ್ಲ. ಪಡಸಾಲೆಯಲ್ಲಿ ಜೇವರ್ಗಿಯ ಬೀಗರು ಕೂತಿದ್ದಾರೆ. ಬೀಗತಿಯವರು ಚಪ್ಪಲಿ ಬಿಡುವ ಮೊದಲೇ ಸಾರಿಬಿಟ್ಟರು: ಮೊದಲ ಮೊಮ್ಮಗನಿಗೆ ತಮ್ಮ ಮಾವನವರ ಹೆಸರು, ಗುರುಪಾದಪ್ಪ. ನನ್ನ ಮಗಳಿಗೆ ತನ್ನ ಅಪ್ಪನ ಹೆಸರು ಬೇಕು. ಅತ್ತೆಯ ಎದುರು ಮಾತ್ರ ಅವಳ ಬಾಯಿಗೆ ಬೀಗ. ಒಳಗೆ ಬಂದು ನನ್ನ ಸೆರಗು ಜಗ್ಗುತ್ತಾಳೆ, "ನೀನೇ ಹೇಳವ್ವಾ, ನೀ ಹೇಳಿದ್ರ ಅವರು ಕೇಳ್ತಾರ" ಅಂತ. ನಾನು ಹೇಳಿದ್ದನ್ನು ಇದುವರೆಗೆ ಯಾರು ಕೇಳಿದ್ದಾರೆ ಎಂದು ಯೋಚಿಸುತ್ತ ಬಾಣಲೆಯಲ್ಲಿ ಕೈಯಾಡಿಸುತ್ತಿದ್ದೇನೆ.

ಈ ವಾಸನೆ ಮೂಗಿಗೆ ಬಿದ್ದರೆ ನನಗೆ ಗ್ರೀಸ್ ದೇಶ ನೆನಪಾಗುತ್ತದೆ. ನಗಬೇಡಿ. ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ಹುಟ್ಟಿ, ಆಳಂದಕ್ಕೆ ಸೊಸೆಯಾಗಿ ಬಂದು, ಗುಲಬರ್ಗಾವನ್ನೇ ಪರದೇಶವೆಂದು ತಿಳಿದಿದ್ದವಳು ನಾನು. ಅಂಥವಳು ಗ್ರೀಸಿಗೆ ಹೋಗಿದ್ದೆ, ಅದೂ ಒಂದು ಕೂಸಿಗೆ ಹೆಸರಿಡುವ ಹಬ್ಬಕ್ಕೆ. ಆ ಕೂಸಿಗೆ ಹೆಸರು ಬಂದದ್ದು ನಮ್ಮವರ ದೆಸೆಯಿಂದ. ನಮ್ಮವರು ಅಂದರೆ ನನ್ನ ಯಜಮಾನರು. ತೀರಿಕೊಂಡು ವರ್ಷವಾಯಿತು. ಹೋದವರ ಬಗ್ಗೆ ಹಗುರವಾಗಿ ಮಾತಾಡಬಾರದು ಅಂತಾರೆ. ಈಗ ಹೇಳುವುದನ್ನೆಲ್ಲ ನಾನು ಅವರಿದ್ದಾಗ ಅವರ ಮುಖದ ಮೇಲೆಯೇ ಹೇಳಿದ್ದೇನೆ. ಅವರು ಕೇಳಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ಎಂಬತ್ತರ ದಶಕದ ಆರಂಭದಲ್ಲಿ ನಮ್ಮವರಿಗೆ ಲಿಬಿಯಾದಲ್ಲಿ ರಸ್ತೆ ಹಾಕುವ ಕಂಪನಿಯೊಂದರಲ್ಲಿ ಸೂಪರ್‌ವೈಜರ್ ಕೆಲಸ ಸಿಕ್ಕಿತು. ಆಗ ನಮ್ಮ ಕಡೆ ತಗ್ಗುಗಳ ನಡುವೆ ರಸ್ತೆ ಹುಡುಕಿಕೊಂಡು ಬಸ್ಸು ಹೋಗುತ್ತಿತ್ತು. ಅದನ್ನು ಹಾಗೇ ಬಿಟ್ಟು ಇವರು ಮರುಭೂಮಿಗೆ ಹೋಗಿ ಒಂಟೆಗಳು ನಡೆಯಲಿಕ್ಕೆ ಡಾಂಬರು ಹಾಸಿಕೊಟ್ಟರು. ಮಕ್ಕಳಿರಲಿಲ್ಲ, ಹೊಸ ಸಂಸಾರ, ನನ್ನನ್ನೂ ಕರೆದುಕೊಂಡು ಹೋದರು. ಹೊರಡುವಾಗ ನಮ್ಮತ್ತೆ ಒಂದು ಚೀಲ ಜೋಳದ ಹಿಟ್ಟು ಕಟ್ಟಿ, "ಕೊಳ್ಳಾಗ ಲಿಂಗ ಕಟ್ಟಿಕೊಂಡೋರು ಅದೀರಿ, ಕಂಡಕಂಡಲ್ಲಿ ಉಣಬ್ಯಾಡ್ರಿ" ಎಂದು ಬುದ್ಧಿ ಹೇಳಿದರು. ಕಂಡಲ್ಲಿ ಉಣ್ಣಲಿಕ್ಕೆ ಅಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ.

ಪಕ್ಕದ ಮನೆಯಲ್ಲಿ ಎಲೆನಿ ಇದ್ದಳು. ಅವಳ ಗಂಡ ಯೋರ್ಗೋಸ್ ಅದೇ ಕಂಪನಿಯ ಫೋರ್‌ಮನ್. ಗ್ರೀಕ್ ಜನ. ಅವಳದು ಮುರುಕು ಇಂಗ್ಲಿಷು, ನನ್ನದು ಹರಕು ಇಂಗ್ಲಿಷು, ಎರಡನ್ನೂ ಸೇರಿಸಿ ಹೊಲಿದರೆ ಒಂದು ಕೌದಿಯಾಗುವಷ್ಟು ಮಾತು ಹುಟ್ಟುತ್ತಿತ್ತು. ನಾನು ರೊಟ್ಟಿ ಬಡಿಯುವುದನ್ನು ಅವಳು ಬಂದು ಕೂತು ನೋಡುತ್ತಿದ್ದಳು. ಒಮ್ಮೆ ನನ್ನ ಗಂಡನ ಹೆಸರೇನು ಎಂದು ಕೇಳಿದಳು. ನಾನು ನಾಚಿ ಸೆರಗು ಬಾಯಿಗೆ ಒತ್ತಿಕೊಂಡೆ. ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳಬಾರದು, ಮದುವೆ ಮುಂಜಿಯಲ್ಲಿ ಹೆಂಗಸರು ಪೀಡಿಸಿದಾಗ ಒಡಪು ಕಟ್ಟಿ ಪ್ರಾಸದ ನಡುವೆ ಬಚ್ಚಿಟ್ಟು ಹೇಳಬಹುದು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದು? ಅವಳು ತನ್ನ ಗಂಡನನ್ನು ಬೇಲಿಯಾಚೆಯ ಎಮ್ಮೆಯನ್ನು ಕರೆದ ಹಾಗೆ "ಯೋರ್ಗೋ!" ಎಂದು ದಿನವಿಡೀ ಕೂಗುತ್ತಿದ್ದಳು. ಇಬ್ಬರ ಗಂಡಂದಿರೂ ಅಷ್ಟಕ್ಕಷ್ಟೇ ಓಗೊಡುತ್ತಿದ್ದರು.

ಅವಳಿಂದ ನಾನು ಎರಡು ಗ್ರೀಕ್ ಮಾತು ಕಲಿತೆ. 'ನೇ' ಅಂದರೆ ಹೌದು. 'ಓಹಿ' ಅಂದರೆ ಇಲ್ಲ. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಹುಟ್ಟಿದ್ದು ಆಳಂದದಲ್ಲಿ, ಬೆಳೆದದ್ದು ಉರ್ದು ಮಾತಾಡುವ ಓಣಿಯಲ್ಲಿ. ಜಗತ್ತಿನ ಭಾಷೆಗಳೆಲ್ಲ ಆಳಂದದ ಉರ್ದುವಿನಿಂದಲೇ ಹರಿದು ಹೋಗಿವೆ ಎಂಬುದು ಅವರ ಸಿದ್ಧಾಂತ.

"ನನಗ ಕಲಸಾಕ ಬರ್ತೀ ಏನ್ ಬೇ? 'ನೈ' ಅಂದ್ರ ಇಲ್ಲ ಅಂತ ಕೂಸಿಗೂ ಗೊತ್ತದ."

"ಅದು ನಮ್ಮಲ್ಲಿ ರೀ. ಅವರಲ್ಲಿ ಹೌದು ಅಂತ."

"ಅವರಿಗೆ ಬರಾಂಗಿಲ್ಲ, ತಪ್ಪು ಮಾತಾಡ್ತಾರ" ಎಂದು ಒಂದು ಇಡೀ ದೇಶವನ್ನು ನಪಾಸು ಮಾಡಿ ಮಲಗಿಬಿಟ್ಟರು.

ಎಲೆನಿ ಬಸಿರಾಗಿದ್ದಾಗ ಅವಳ ಅಪ್ಪ ಊರಲ್ಲಿ ತೀರಿಕೊಂಡ. ದೋಣಿ ಕಟ್ಟುವವನಂತೆ, ಮಾನೋಲಿಸ್ ಅಂತ ಹೆಸರು. ದಿನ ತುಂಬುತ್ತ ಬಂದಿದ್ದರಿಂದ ಅವಳನ್ನು ವಿಮಾನಕ್ಕೆ ಹತ್ತಿಸಿಕೊಳ್ಳಲಿಲ್ಲ. ಅಪ್ಪನ ಮಣ್ಣಿಗೆ ಹೋಗಲಾಗದೆ ಅವಳು ನನ್ನ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು, ನಾನೂ ಕೂತು ಅತ್ತೆ. ಹುಟ್ಟಿದ್ದು ಗಂಡು. ಅದಕ್ಕೆ ಅಪ್ಪನ ಹೆಸರಿಡಬೇಕು ಎಂಬುದೊಂದೇ ಅವಳ ಹಟ. ಆದರೆ ಅವರಲ್ಲಿಯ ರಿವಾಜು ನಮ್ಮದನ್ನೂ ಮೀರಿಸಿದ್ದು. ಮೊದಲ ಗಂಡುಮಗನಿಗೆ ಗಂಡನ ಅಪ್ಪನ ಹೆಸರೇ ಆಗಬೇಕು. ಗಂಡನ ಅಪ್ಪ ಥನಾಸಿಸ್ ಗುಂಡುಕಲ್ಲಿನ ಹಾಗೆ ಬದುಕಿದ್ದ. ನಮ್ಮಲ್ಲಿ ಬದುಕಿದ್ದವರ ಹೆಸರು ಇಡುವುದಿಲ್ಲ. ಇಟ್ಟರೆ ಸೊಸೆ ಆ ಹುಡುಗನನ್ನು ಬೈಯುವುದಾದರೂ ಹೇಗೆ? ಸೊಸೆಯರಿಗೆ ಇಷ್ಟು ಅನುಕೂಲವಾದ ಪದ್ಧತಿ ನಮ್ಮಲ್ಲಿ ಹೇಗೆ ಉಳಿದುಕೊಂಡಿತೋ ನನಗೆ ತಿಳಿಯದು.

ಊರಿಗೆ ಹೋಗುವ ರಜೆ ಸಿಕ್ಕಾಗ ಎಲೆನಿ ನಮ್ಮನ್ನು ಬಿಡಲಿಲ್ಲ. ದಾರಿಯಲ್ಲೇ ಸಿಗುತ್ತದೆ, ಹಬ್ಬ ಮುಗಿಸಿ ಹೋಗಿ ಎಂದಳು. ಹೀಗೆ ನಾವು ಸುತ್ತ ನೀರಿದ್ದ ಒಂದು ಊರಿಗೆ ಹೋಗಿ ಇಳಿದೆವು. ಸುಣ್ಣ ಬಳಿದ ಮನೆಗಳು, ಓಣಿಯ ತುಂಬ ಮೇಕೆಗಳು. ಮೇಕೆಗಳನ್ನು ನೋಡಿ ನನಗೆ ಗೊಬ್ಬೂರು ನೆನಪಾಯಿತು. ಮನೆಯೊಳಗೆ ಕಾಲಿಟ್ಟರೆ ಬಡೇಸೋಪಿನ ಘಮ. ಎಂಥ ಆಚಾರವಂತ ಜನ, ಊಟಕ್ಕೆ ಮೊದಲೇ ಬಡೇಸೋಪು ತೆಗೆದಿಟ್ಟಿದ್ದಾರೆ ಎಂದುಕೊಂಡೆ. ಅದು ಅವರು ಕುಡಿಯುವ ಸೆರೆಯ ವಾಸನೆ. ನೀರು ಬೆರೆಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಮ್ಮವರು "ಸರಬತ್ ಛಲೋ ಅದ" ಎಂದು ಒಂದು ಲೋಟ ಏರಿಸಿದ ಮೇಲೆ ನಮಗೆ ಅದು ತಿಳಿಯಿತು.

ಆ ರಾತ್ರಿಯ ಊಟಕ್ಕೆ ಎಲೆನಿಯ ಅತ್ತೆ ಕತೀನಾ ತಾನೇ ಬಡಿಸಲಿಕ್ಕೆ ನಿಂತಳು. ಕರಿ ಬಟ್ಟೆ, ಕರಿ ರುಮಾಲು, ನಮ್ಮತ್ತೆಯದೇ ಹುಬ್ಬು. ಕುರಿಯ ತೊಡೆಯನ್ನು ಹಿಡಿದು ನಮ್ಮವರ ಮುಂದೆ ಬಂದು ಏನೋ ಕೇಳಿದಳು. ನಮ್ಮವರು ಎರಡೂ ಕೈ ಅಡ್ಡ ಹಿಡಿದು, "ನೈ, ನೈ!" ಅಂದರು. ಅವಳು ಖುಷಿಯಿಂದ ಒಂದು ತುಂಡು ಹಾಕಿದಳು. ಇವರು ಗಾಬರಿಯಾಗಿ ಇನ್ನೂ ಜೋರಾಗಿ, "ನೈ ನೈ ನೈ!" ಅಂದರು. ಅವಳು ಇಂಥ ಅತಿಥಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ತಟ್ಟೆ ತುಂಬಿತು. ಎಲೆನಿ ಓಡಿ ಬಂದು ಕಾಪಾಡದಿದ್ದರೆ ನಮ್ಮವರು ಅಂದೇ ಜಾತಿ ಕೆಡುತ್ತಿದ್ದರು.

"ನೋಡ್ದೇನ್ರಿ, ನಾ ಹೇಳಿದ್ನಿಲ್ಲ?" ಅಂದೆ.

"ಮುದುಕಿಗೆ ಕಿವಿ ಮಂದ ಅದಾವ" ಅಂದರು.

ಮರುದಿನ ಚರ್ಚಿಗೆ ಹೋದೆವು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಾಗೆ ಅವರಲ್ಲಿ ಧರ್ಮದ ತಂದೆ ಅಂತ ಒಬ್ಬ ಇರುತ್ತಾನೆ, ಪಾದ್ರಿ ಕೇಳಿದಾಗ ಅವನು ಹೆಸರು ಹೇಳಬೇಕು. ಹೇಳುವತನಕ ಹೆತ್ತವಳು ಬಾಗಿಲ ಹೊರಗೇ ನಿಂತಿರಬೇಕು. ಹೊತ್ತವಳು, ಹೆತ್ತವಳು, ಹೆಸರಿನ ಹೊತ್ತಿಗೆ ಹೊರಗೆ! ದೇಶ ಬೇರೆಯಾದರೂ ಗಂಡಸರ ಬುದ್ಧಿ ಒಂದೇ ಅಚ್ಚಿನದು. ಧರ್ಮದ ತಂದೆಯಾಗಿದ್ದವನು ಯೋರ್ಗೋಸನ ಗೆಳೆಯ, ಮೀಸೆಯ ಧಡಿಯ. ಅವನು ಮಾನೋಲಿಸ್ ಎನ್ನುತ್ತೇನೆಂದು ಎಲೆನಿಗೂ, ಥನಾಸಿಸ್ ಎನ್ನುತ್ತೇನೆಂದು ಕತೀನಾಗೂ ಮಾತು ಕೊಟ್ಟಿದ್ದ. ಎಲೆನಿ ಬಾಗಿಲಲ್ಲಿ ನನ್ನ ಕೈಯನ್ನು ಹಿಂಡಿ ಹಿಡಿದುಕೊಂಡಿದ್ದಳು. ಬಳೆ ಒತ್ತಿ ನೋಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ.

ದೂರದಿಂದ ಬಂದ ಅತಿಥಿ ಎಂಬ ಮರ್ಯಾದೆಗೆ ನಮ್ಮವರ ಕೈಗೆ ರಿಬ್ಬನ್ ಕಟ್ಟಿದ ದೊಡ್ಡ ಮೇಣದಬತ್ತಿ ಕೊಟ್ಟು ಮೀಸೆಯವನ ಪಕ್ಕಕ್ಕೇ ನಿಲ್ಲಿಸಿದ್ದರು. ಬತ್ತಲೆ ಕೂಸಿಗೆ ಎಣ್ಣೆ ಹಚ್ಚಿದರು. ಕೂಸು ಚರ್ಚು ಹಾರಿಹೋಗುವ ಹಾಗೆ ಕಿರುಚಿತು. ಪಾದ್ರಿ ಹೆಸರು ಕೇಳಿದ. ಮೀಸೆಯವನು ಒಮ್ಮೆ ಕತೀನಾಳ ಕಡೆ ನೋಡಿದ, ಒಮ್ಮೆ ಬಾಗಿಲ ಕಡೆ ನೋಡಿದ, ಆಮೇಲೆ ಕೆಮ್ಮಿದ. ಕೆಮ್ಮಿನ ನಡುವೆ ಏನೋ ಗೊಣಗಿದ. ಮುದಿ ಪಾದ್ರಿ ಕಿವಿಗೆ ಕೈ ಹಚ್ಚಿ, ಮೀಸೆಯವನ ಮುಖವನ್ನೂ ನಮ್ಮವರ ಮುಖವನ್ನೂ ನೋಡುತ್ತ, "ಮಾನೋಲಿಸ್?" ಎಂದು ಗಟ್ಟಿಯಾಗಿ ಕೇಳಿದ.

ಮೀಸೆಯವನು ಕಲ್ಲಾಗಿ ನಿಂತ. ನಮ್ಮವರು ಮಾತ್ರ ತಮ್ಮ ಹೆಸರು ವಿಚಾರಿಸುತ್ತಿದ್ದಾರೆ, ತಮ್ಮನ್ನು ಬೇರೆ ಯಾರೋ ಎಂದು ತಿಳಿದಿದ್ದಾರೆ ಎಂದುಕೊಂಡರು. ಮೇಣದಬತ್ತಿಯನ್ನು ಅತ್ತಿಂದಿತ್ತ ಆಡಿಸುತ್ತ, ಚರ್ಚಿನ ಗುಮ್ಮಟಕ್ಕೆ ಕೇಳಿಸುವ ಹಾಗೆ, "ನೈ! ನೈ ನೈ!" ಅಂದರು.

ಹೌದು, ಹೌದು ಹೌದು! ಪಾದ್ರಿಗೆ ಇನ್ನೇನು ಬೇಕು? ಮಾನೋಲಿಸ್ ಎಂದು ಹಾಡಿ ಕೂಸನ್ನು ನೀರಲ್ಲಿ ಮುಳುಗಿಸಿ ಎತ್ತಿದ, ಮತ್ತೆ ಮುಳುಗಿಸಿದ, ಇನ್ನೊಮ್ಮೆ ಮುಳುಗಿಸಿದ. ಕತೀನಾ ಎದ್ದು ನಿಂತು "ಓಹಿ! ಓಹಿ!" ಎಂದು ಚೀರಿದಳು. ನಮ್ಮವರು ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ ಗೆದ್ದ ನಗೆ ನಕ್ಕರು.

"ಕೇಳ್ದೇನ್ ಬೇ? ಮುದುಕಿ 'ವಹೀ, ವಹೀ' ಅನ್ನಾಕತ್ತಾಳ. ಅದೇ ಖರೇ ಅಂತ. ಉರ್ದುನೇ ಅದ ಇದು!"

ನೀರಿಗೆ ಬಿದ್ದ ಹೆಸರನ್ನು ಪಾದ್ರಿಯೂ ಹೊರಗೆ ತೆಗೆಯುವಂತಿರಲಿಲ್ಲ. ಕತೀನಾ ಊಟದ ಪಂಕ್ತಿಯಲ್ಲಿ ನಮ್ಮವರಿಗೆ ಬೆನ್ನು ಹಾಕಿ ಕೂತಳು. ಅದರಿಂದ ಅವರಿಗೆ ಮಾಂಸ ಬಡಿಸುವವರು ತಪ್ಪಿದರು, ಒಳ್ಳೆಯದೇ ಆಯಿತು. ಮುದುಕ ಥನಾಸಿಸ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಅಂದದ್ದನ್ನು ಯೋರ್ಗೋಸ್ ನಮಗೆ ತಿಳಿಸಿದ: "ನನ್ನ ಹೆಸರನ್ನು ಇನ್ನೂ ನಾನೇ ಬಳಸುತ್ತಿದ್ದೇನೆ, ಅವಸರವೇನು?" ಎಲೆನಿ ಊಟಕ್ಕೂ ಬರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು, ಅದರ ಮುಖ ನೋಡುತ್ತ, ಮಾನೋಲಿಸ್ ಅಂದಳು. ಮತ್ತೊಮ್ಮೆ ಅಂದಳು. ಅಪ್ಪನನ್ನು ಕರೆಯುತ್ತಿದ್ದಳೋ ಮಗನನ್ನೋ ನನಗೆ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ನಮ್ಮವರು ಇದನ್ನು ಹೇಳದ ಕಟ್ಟೆಯಿಲ್ಲ. ಮೊದಮೊದಲು "ನಾನೂ ಅಲ್ಲೇ ಇದ್ದೆ" ಅನ್ನುತ್ತಿದ್ದರು. ಬರಬರುತ್ತ ಪಾದ್ರಿಯೇ ಇವರ ಸಲಹೆ ಕೇಳಿದ ಹಾಗಾಯಿತು. ಕೊನೆಕೊನೆಗೆ ಆ ಊರಿನ ಮಂದಿಯೆಲ್ಲ ಸೇರಿ, "ಆಳಂದದ ಸಾಹುಕಾರ್ರು ಅಂದದ್ದೇ ಹೆಸರು" ಎಂದು ಕೈಮುಗಿದರು. ನಾನು ಒಳಗಿನಿಂದ ನಿಜ ಹೇಳಿದರೆ ಕೈಬೀಸಿ, "ನೈ ನೈ, ನಿನಗ ತಿಳ್ಯಾಂಗಿಲ್ಲ" ಅನ್ನುತ್ತಿದ್ದರು. ಈಗ ಕಟ್ಟೆ ಖಾಲಿಯಾಗಿದೆ. ಆ ಸುಳ್ಳನ್ನು ಅಷ್ಟು ಚೆಂದ ಹೇಳುವವರು ಇಲ್ಲದೆ ನನಗೆ ಬೇಸರವಾಗುತ್ತದೆ. ಹೇಳಿದೆನಲ್ಲ, ಮುಚ್ಚಿಡುವುದೇನಿದೆ.

ಬಡೇಸೋಪು ಕೆಂಪಾಗುವ ಮೊದಲು ಇಳಿಸಿ, ಕೈ ಒರೆಸಿಕೊಂಡು ಪಡಸಾಲೆಗೆ ಬಂದೆ. ಮಗಳು ಕೂಸನ್ನು ಎತ್ತಿಕೊಂಡು ಬಾಗಿಲ ಹೊರಗೆ ನಿಂತಿದ್ದಳು. ಬೀಗತಿಯವರು ಬಾಯಿತುಂಬ ನಕ್ಕು, ಬರೀ ಉಪಚಾರಕ್ಕೆ, "ಹಿರ್ಯಾರು ನೀವೂ ಒಂದು ಮಾತು ಹೇಳಿಬಿಡ್ರಿ ಬೀಗತಿಯವರ, ನಾಳೆ ಹೆಸರು ಏನು ಕರಿಯೋಣ?" ಅಂದರು. ಇಂಥ ಪ್ರಶ್ನೆಗೆ "ನೀವು ಅಂದದ್ದೇ ಆಗ್ಲಿ ರೀ" ಎನ್ನುವುದು ಹೆಣ್ಣು ಕೊಟ್ಟವರ ಪಾಠ. ನನಗೂ ಬಾಯಿಪಾಠವಿತ್ತು. ನಮ್ಮವರ ಹೆಸರನ್ನು ರೇಷನ್ ಕಾರ್ಡಿನವನು ಕೇಳಿದರೂ ಮಗಳ ಬಾಯಿಂದ ಹೇಳಿಸುತ್ತಿದ್ದವಳು, ಅವರ ತಿಥಿಯ ದಿನವೂ ನಾಲಿಗೆಗೆ ತಾರದವಳು ನಾನು.

"ಬಂಡೆಪ್ಪ" ಅಂದೆ.

ಬೀಗತಿಯವರು ಗಲ್ಲದ ಮೇಲೆ ಕೈಯಿಟ್ಟುಕೊಂಡರು.

"ಅಯ್ಯಯ್ಯ! ಗಂಡನ ಹೆಸರು ಹೇಳಿಬಿಟ್ರಲ್ರಿ!"

"ಇಲ್ರಿ," ಅಂದೆ, "ಮೊಮ್ಮಗನ ಹೆಸರು ಹೇಳೀನಿ."