ಚೀಟಿಯಲ್ಲಿ ಬಳೆ ಎಂದು ಬರೆದವನು

ಈ ಸೋಮವಾರ ಬೆಳಿಗ್ಗೆ ನನ್ನ ಮೊಮ್ಮಗಳು ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಗೆ ಹೋಗಲು! ಆ ಸಂಭ್ರಮದಲ್ಲಿ ಕನ್ನಡಕ ಮರೆತು ನಾನು ಮತ್ತೆ ಒಳಗೆ ಓಡಿದೆ. ಇಷ್ಟು ಖುಷಿ ಪಡುವ ಯೋಗ್ಯತೆ ನನಗಿಲ್ಲ. ಯಾಕೆಂದು ಹೇಳಿಬಿಡುತ್ತೇನೆ.

ನಾನು ಮೂವತ್ತು ವರ್ಷ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿದ್ದವನು. ಗಾಯ ತೊಳೆದು ಪಟ್ಟಿ ಕಟ್ಟುವುದು, ಅದು ಹೇಗಾಯಿತೆಂದು ಚೀಟಿಯಲ್ಲಿ ಬರೆಯುವುದು ನನ್ನ ಕೆಲಸ. ತಮ್ಮ ಕೈಗೆ ತಾವೇ ಗಾಯ ಮಾಡಿಕೊಂಡ ಹುಡುಗಿಯರು ಬರುತ್ತಿದ್ದರು. ಪೊಲೀಸರು ಬಂದಾರು, ಗೊತ್ತಾದ ಮದುವೆ ಮುರಿದೀತು ಎಂದು ಮನೆಯವರು ನಡುಗುತ್ತಿದ್ದರು. ನಾನು ‘ಬಳೆ ಒಡೆದು ಗಾಯ’ ಎಂದು ಬರೆಯುತ್ತಿದ್ದೆ. ಅವರು ಕೈ ಮುಗಿಯುತ್ತಿದ್ದರು, ಉಪಕಾರ ಮಾಡಿದೆನೆಂದು ನಾನು ಬೀಗುತ್ತಿದ್ದೆ. ಚೀಟಿ ನೋಡಿದ ಡಾಕ್ಟರು ಮುಂದೆ ಏನೂ ಕೇಳುತ್ತಿರಲಿಲ್ಲ.

ಇಟ್ಟಿಗಿ ಊರಿನ ಕಡೆಯ ಒಬ್ಬ ಹುಡುಗಿ ನಾಲ್ಕು ಸಲ ಬಂದಳು. ನಾಲ್ಕು ಸಲವೂ ಬಳೆ ಎಂದೇ ಬರೆದೆ. ಕೊನೆಯ ಸಲ ಅವಳ ಕೈಯಲ್ಲಿ ಬಳೆಗಳೇ ಇರಲಿಲ್ಲ. “ನಿನಗ ಬ್ಯಾರೆ ಕೆಲಸಿಲ್ಲೇನವ್ವಾ” ಎಂದು ಬೈದು ಕಳಿಸಿದೆ. ಅವಳು ಮತ್ತೆ ಬರಲಿಲ್ಲ. ಏನಾದಳೆಂದು ನಾನು ವಿಚಾರಿಸಲೂ ಇಲ್ಲ.

ಹೋದ ವಾರ ಮೊಮ್ಮಗಳ ತೋಳಿನ ಮೇಲೆ ಅಂಥವೇ ಗಾಯಗಳನ್ನು ಕಂಡೆ. ಸುಡು ಬಿಸಿಲಲ್ಲೂ ಅವಳು ತುಂಬುತೋಳಿನ ಅಂಗಿ ಏಕೆ ಬಿಡುತ್ತಿರಲಿಲ್ಲವೆಂದು ಆಗ ತಿಳಿಯಿತು. ಆಸ್ಪತ್ರೆಗೆ ಹೊರಟಾಗ ಸೊಸೆ ಹತ್ತಿರ ಬಂದು, “ಮಾವ, ಬಳಿ ಒಡದಾವು ಅಂತ ಬರಸ್ರಿ. ನಿಮಗ ಗೊತ್ತೈತಲ್ಲ” ಎಂದಳು.

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಹೇಗಾಯಿತೆಂದು ಕೇಳಿದಾಗ ಬಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

“ಆಕಿನಾ ಮಾಡ್ಕೊಂಡಾಳ್ರಿ. ಬೈಬ್ಯಾಡ್ರಿ.”

ನರ್ಸಮ್ಮ ಬೈಯಲಿಲ್ಲ. ಪಟ್ಟಿ ಕಟ್ಟಿ, ನನ್ನನ್ನು ಹೊರಗೆ ಕೂರಿಸಿ, ಸಾಯಬೇಕು ಅನ್ನಿಸುತ್ತದೆಯೇ ಎಂದು ಅವಳನ್ನು ನೇರವಾಗಿ ಕೇಳಿದರಂತೆ. ಮನಸ್ಸಿನ ಡಾಕ್ಟರು ಬರುವ ದಿನ ಸೋಮವಾರವೆಂದು ಬರೆದುಕೊಟ್ಟರು. ಪೊಲೀಸರ ಸುದ್ದಿಯೇ ಬರಲಿಲ್ಲ. ಹೊರಗಿನ ಬೆಂಚಿನಲ್ಲಿದ್ದ ನನಗೆ ಮೊದಲು ಅವಳ ಅಳು ಕೇಳಿಸಿತು, ಆಮೇಲೆ ಮಾತು. ಎಷ್ಟೊಂದು ಮಾತು! ಮನೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದ ಹುಡುಗಿ!

ಅಂದು ಆಟೋದಲ್ಲಿ ವಾಪಸು ಬರುವಾಗ ನನ್ನ ಬಳೆಯ ಕಥೆಯನ್ನೆಲ್ಲ ಅವಳಿಗೆ ಹೇಳಿಬಿಟ್ಟೆ.

ಈ ಸೋಮವಾರ ಚೀಟಿ ಮಾಡಿಸುವ ಸಾಲಿನಲ್ಲಿ, ಚೀಟಿ ಬರೆಯುವವರು ಏನಾಗಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದೆ ಬಂದಳು.

“ಮನಸ್ಸಿನ ಡಾಕ್ಟ್ರಿಗೆ ತೋರಸಾಕ್ರಿ. ನಾನಾ ಹೇಳ್ತೀನಿ, ನೀವು ಬರ್ಕೊಳ್ರಿ. ನಮ್ ತಾತನ ಕೈಯಾಗ ಮಾತ್ರ ಪೆನ್ನು ಕೊಡಬ್ಯಾಡ್ರಿ.”

ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ನಗುತ್ತಾ ಪಕ್ಕಕ್ಕೆ ಸರಿದು ನಿಂತೆ.