ಚಿಕ್ಕಮ್ಮನ ಬಿಜ್ಜೆ

ಅಜ್ಜಂಪುರದ ನಮ್ಮ ಬೀದಿಯಲ್ಲಿ ಚಿಕ್ಕಮ್ಮನನ್ನು ಎಲ್ಲರೂ ಬಿ.ಎ. ಮಾಡಿದವಳೆಂದೇ ತಿಳಿದಿದ್ದರು. ನನ್ನ ತಾಯಿಯ ತಂಗಿಯಾದ ಅವಳು ಶಾಲೆ ಬಿಟ್ಟದ್ದು ಎಂಟನೇ ತರಗತಿಗೆ. ಆಮೇಲೆ ಮನೆಯಲ್ಲೇ ಹಿಂದಿ ಕಲಿತು, ಹಿಂದಿ ಪ್ರಚಾರದ ಪರೀಕ್ಷೆಗಳಿಗೆ ಒಂದೊಂದಾಗಿ ಕಟ್ಟಿ, ಕಡೆಯದನ್ನೂ ಪಾಸು ಮಾಡಿದ್ದಳು. ಪರೀಕ್ಷೆ ನಡೆಯುತ್ತಿದ್ದದ್ದು ಕಡೂರಿನಲ್ಲಿ. ಬೆಳಗಿನ ರೈಲಿಗೆ ಅವಳು ಹೊರಟರೆ ಚಿಕ್ಕಪ್ಪ ತನ್ನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತು, “ಹೊಂಟ್ರಾ ಡೆಲ್ಲಿಗೆ? ಪ್ರಧಾನಮಂತ್ರಿ ಕುರ್ಚಿ ಖಾಲಿ ಐತಾ ನೋಡ್ಕಂಡು ಬನ್ನಿ” ಎನ್ನುತ್ತಿದ್ದ. “ಖಾಲಿ ಇದ್ರೆ ನಿಮ್ಗೂ ಹೇಳಿ ಕಳಿಸ್ತೀನಿ, ಹಿಟ್ಟು ಬೀಸೋಕೆ ಜನ ಬೇಕಾಗ್ತಾರೆ” ಎಂದು ಅವಳು ಸೆರಗು ಸಿಕ್ಕಿಸಿಕೊಂಡು ನಡೆಯುತ್ತಿದ್ದಳು.

ಕಡೆಯ ಸರ್ಟಿಫಿಕೇಟಿನ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಬಿ.ಎ. ಮಟ್ಟಕ್ಕೆ ತತ್ಸಮಾನ’ ಎಂದಿತ್ತು. ಅದರ ಮುಂದಿನ ಮಾತು ‘ಹಿಂದಿ ಭಾಷೆಗೆ ಮಾತ್ರ’ ಎಂದು. ಬೀದಿಯವರು ಅಲ್ಲಿಯವರೆಗೆ ಓದುತ್ತಿರಲಿಲ್ಲ. ನಾನು ಓದಿದ್ದೆ.

ನನಗೆ ವ್ಯಾಕರಣ ಕಲಿಸಿದವಳೂ ಅವಳೇ. ಸಂಸ್ಕೃತದಿಂದ ಹಾಗೇ ಬಂದ ಮಾತು ತತ್ಸಮ, ನಮ್ಮ ಬಾಯಲ್ಲಿ ತಿರುಗಿ ರೂಪ ಬದಲಾಯಿಸಿಕೊಂಡದ್ದು ತದ್ಭವ ಎಂದು ಅಕ್ಕಿ ಆರಿಸುತ್ತಲೇ ಹೇಳಿಕೊಟ್ಟಿದ್ದಳು. “ವಿದ್ಯೆ?” ಎಂದು ಅವಳು ಕೇಳಬೇಕು, “ಬಿಜ್ಜೆ” ಎಂದು ನಾನು ಹೇಳಬೇಕು. ಆ ಮಾತು ನನಗೆ ನಗು ತರಿಸುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವಳು ತರೀಕೆರೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ತಾತ್ಕಾಲಿಕವಾಗಿ ಹಿಂದಿ ಪಾಠ ಹೇಳುತ್ತಿದ್ದಳು. ಎರಡು ವರ್ಷ ದಿನವೂ ಬಸ್ಸಿನಲ್ಲಿ ಹೋಗಿ ಬಂದಳು. ಮೂರನೆಯ ವರ್ಷ ಪದವಿ ಇಲ್ಲದವರನ್ನು ಇಟ್ಟುಕೊಳ್ಳುವ ಹಾಗಿಲ್ಲವೆಂದು ಆದೇಶ ಬಂತು. ವಿಶ್ವವಿದ್ಯಾನಿಲಯ ಅವಳ ಪರೀಕ್ಷೆಗಳನ್ನು ಒಪ್ಪಿ, ಅಂಚೆಯ ಮೂಲಕ ಬಿ.ಎ. ಓದಲು ಸೇರಿಸಿಕೊಂಡರೆ ಸಾಕು, ಕೆಲಸ ಉಳಿಸುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ನಾನು ಆಗ ಎಂ.ಎ. ಓದುತ್ತ ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿದ್ದೆ. ರಜೆ ಮುಗಿಸಿ ಹೊರಟಾಗ ಚಿಕ್ಕಮ್ಮ ತನ್ನ ಸರ್ಟಿಫಿಕೇಟು, ಅಂಕಪಟ್ಟಿ, ಪಠ್ಯಕ್ರಮದ ಪುಸ್ತಿಕೆಗಳನ್ನೆಲ್ಲ ಹಳೆಯ ರವಿಕೆ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

“ನೀನು ಅಲ್ಲೇ ಇದ್ದೀಯಲ್ಲ, ಒಂದ್ಸಲ ವಿಚಾರಿಸು ಮಗಾ. ಜೂನ್ ಒಳಗೆ ಗೊತ್ತಾಗ್ಬೇಕು ಕಣೇ.”

ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಆ ಗಂಟನ್ನು ಮೇಜಿನ ಮೇಲೆ ಬಿಚ್ಚಿದಾಗ ಪಕ್ಕದ ಮೇಜಿನವರು ತಿರುಗಿ ನೋಡಿದರು. ಗುಮಾಸ್ತರು ಒಂದೊಂದನ್ನೂ ಮಗುಚಿ ನೋಡಿದರು.

“ಇದು ಹಿಂದಿಗೆ ಮಾತ್ರ ಸಮ ಅಮ್ಮ. ಬಿ.ಎ.ಗೆ ಪಿ.ಯು.ಸಿ. ಆಗಿರ್ಬೇಕು. ಓದಿರೋದು ಎಂಟನೇ ಕ್ಲಾಸಾ? ಯಾರಿವರು, ನಿಮಗೇನಾಗ್ಬೇಕು?”

“ಪರಿಚಯದವರು” ಎಂದೆ.

ಅವರು ಒರಟು ಮನುಷ್ಯರಲ್ಲ. ಕನ್ನಡಕ ತೆಗೆದು, ಇನ್ನೊಂದು ದಾರಿ ಇದೆ ಎಂದು ತಿಳಿಸಿದರು. ಶಾಲೆಗೆ ಹೋಗದೆ ಕಲಿತವರ ಅರ್ಜಿಗಳನ್ನು ಒಂದು ಸಮಿತಿ ಒಂದೊಂದಾಗಿ ನೋಡುತ್ತದೆ. ಅಂಕಪಟ್ಟಿಗಳ ದೃಢೀಕರಿಸಿದ ನಕಲು, ಪಠ್ಯಕ್ರಮ, ಪಾಠ ಹೇಳಿದ ಶಾಲೆಯಿಂದ ಒಂದು ಪತ್ರ, ಇಷ್ಟು ಬೇಕು. “ಶುಕ್ರವಾರದೊಳಗೆ ತಂದುಕೊಡಿ. ಆಗುತ್ತೆ ಅಂತ ಹೇಳೋಕಾಗಲ್ಲ. ಆಗಲ್ಲ ಅಂತಾನೂ ಅಲ್ಲ.”

ಅಂದು ಸೋಮವಾರ. ನಕಲು ಅಲ್ಲೇ ಮಾಡಿಸಬಹುದಿತ್ತು, ಗಂಟಿನಲ್ಲಿ ಇಲ್ಲದಿದ್ದದ್ದು ಶಾಲೆಯ ಪತ್ರ ಒಂದೇ. ತರೀಕೆರೆಗೆ ಹೋಗಿ ಬರಲು ಎರಡು ದಿನ ಸಾಕಿತ್ತು. ಆದರೆ ಅದೇ ಗಂಟು ಹಿಡಿದು ಅದೇ ಮೇಜಿನ ಮುಂದೆ ಮತ್ತೆ ನಿಲ್ಲುವುದು ನನಗೆ ಬೇಡವಾಗಿತ್ತು. ನಿಯಮ ನಿಯಮವೇ, ಬಿ.ಎ.ಗೆ ನಾನು ಕಷ್ಟಪಟ್ಟು ಓದಿದ್ದೇನೆ ಎಂಬ ಬಿಗುವೂ ಮನಸ್ಸಿನಲ್ಲಿತ್ತೆಂದು ಈಗ ತೋರುತ್ತದೆ. ಸಂಜೆ ಕಾರ್ಡು ಬರೆದೆ: ‘ಸರ್ಟಿಫಿಕೇಟು ಹಿಂದಿ ಭಾಷೆಗೆ ಮಾತ್ರ ತತ್ಸಮಾನವಂತೆ. ಪಿ.ಯು.ಸಿ. ಇಲ್ಲದೆ ಬಿ.ಎ.ಗೆ ಸೇರಿಸಿಕೊಳ್ಳುವುದಿಲ್ಲವಂತೆ.’ ಎರಡೂ ವಾಕ್ಯ ಗುಮಾಸ್ತರು ಹೇಳಿದ್ದೇ. ಸಮಿತಿಯ ಮಾತು ಬರೆಯಲಿಲ್ಲ.

ಅವಳ ಉತ್ತರ ವಾರದಲ್ಲಿ ಬಂತು. ‘ಹೋಗಲಿ ಬಿಡು. ನಿಮ್ಮದೆಲ್ಲ ತತ್ಸಮ. ನನ್ನದು ತದ್ಭವ. ವಿದ್ಯೆಯಲ್ಲ, ಬಿಜ್ಜೆ.’ ಜೂನ್‌ನಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದರು. ಚಿಕ್ಕಮ್ಮ ಗಿರಣಿಯ ಹಿಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹಿಂದಿ ಹೇಳಿಕೊಡತೊಡಗಿದಳು. ಗಿರಣಿ ಓಡುವಾಗ ಪಾಠವನ್ನು ಕೂಗಿ ಹೇಳಬೇಕಾಗುತ್ತಿತ್ತು.

ಐದಾರು ವರ್ಷಗಳ ಮೇಲೆ ನಾನು ಅಜ್ಜಂಪುರಕ್ಕೆ ಹೋಗಿದ್ದಾಗ ಲಿಂಗದಹಳ್ಳಿಯಿಂದ ಚಿಕ್ಕಮ್ಮನ ಶಿಷ್ಯೆಯೊಬ್ಬಳು ಬಂದಿದ್ದಳು. ಅವಳೂ ಶಾಲೆ ಬಿಟ್ಟವಳು, ಹಿಂದಿ ಪರೀಕ್ಷೆಗಳನ್ನೆಲ್ಲ ಮುಗಿಸಿದವಳು, ಬಿ.ಎ. ಓದಬೇಕೆಂದವಳು. “ಇವಳನ್ನ ಕೇಳು, ಆಫೀಸಿನ ವಿಷಯ ಇವಳಿಗೆ ಗೊತ್ತು” ಎಂದಳು ಚಿಕ್ಕಮ್ಮ. ಈ ಹುಡುಗಿಗಾದರೂ ತಪ್ಪದಿರಲೆಂದು ನಾನು ಕಾಗದ ತೆಗೆದುಕೊಂಡು ಎಲ್ಲವನ್ನೂ ಬರೆದೆ: ಸಮಿತಿಗೆ ಅರ್ಜಿ, ದೃಢೀಕರಿಸಿದ ನಕಲು, ಪಠ್ಯಕ್ರಮ, ಪಾಠ ಹೇಳಿದ್ದರೆ ಅದರ ಪತ್ರ. ಯಾರನ್ನೂ ಕೇಳಬೇಕಾಗಲಿಲ್ಲ.

ಚಿಕ್ಕಮ್ಮ ಕಾಗದ ಇಸಿದುಕೊಂಡು ಓದಿದಳು. ಇನ್ನೊಮ್ಮೆ ಓದಿದಳು.

“ಇದನ್ನೆಲ್ಲ ಯಾವಾಗ ವಿಚಾರಿಸಿದ್ಯೇ?”

“ಗಂಟು ಒಯ್ದಿದ್ನಲ್ಲ, ಆಗಲೇ” ಎಂದೆ.

ಅವಳು ಕಾಗದವನ್ನು ಹುಡುಗಿಯ ಕೈಗಿತ್ತಳು. “ತಗಾ. ಒಂದೂ ಬಿಡ್ಬೇಡ. ಇವಳು ಬರೆದಿದ್ದು ತಪ್ಪಿರಲ್ಲ.” ಕಾಫಿಗೆ ನೀರಿಡಲು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಲೋಟ ನನ್ನ ಮುಂದಿಟ್ಟು ಪಕ್ಕದಲ್ಲೇ ಕುಳಿತಳು.

“ಗಂಟು ನಂದು ಅಂತ ಹೇಳಿದ್ಯಾ ಅಲ್ಲಿ? ಯಾರು ಅಂತ ಕೇಳಿದ್ರಾ?”

“ಕೇಳಿದ್ರು.”

“ಏನಂದೆ?”

“ನಮ್ಮ ಚಿಕ್ಕಮ್ಮ ಅಂದೆ.”

ಅವಳು ತಲೆಯಾಡಿಸಿದಳು. “ಕುಡಿ, ಆರೋಗ್ತದೆ” ಎಂದಳು.